ಓದುಗರ ಪ್ರಶ್ನೆ: ಡಿಎನ್‌ಎ ಟೆಸ್ಟು, ಅಪ್ಪನ ಸಮಾಧಿ, ಅವ್ವನ ರಕ್ತ

ಹೋದ ಸಂಚಿಕ್ಯಾಗ ರಕ್ತದ ಗುಂಪಿನ ಬಗ್ಗೆ ನಾಕು ಸಾಲು ಬರದಿದ್ದೆ, ಅದನ್ನ ಓದಿ ಬಂದ ಪತ್ರ, ವಾಟ್ಸಾಪ್ ಮೆಸೇಜ್ ಎಲ್ಲಾ ನೋಡಿದ್ರ ಅರ್ಧಕ್ಕಿಂತ ಜಾಸ್ತಿ ಡಿಎನ್‌ಎ ಟೆಸ್ಟಿನ ಬಗ್ಗೇನೇ ಅದಾವ. ಹಂಗಾಗಿ ಈ ಸಲ ಬ್ಯಾರೆ ಪ್ರಶ್ನೆ ಪಕ್ಕಕ್ಕಿಟ್ಟು ಇವಷ್ಟೇ ತಗೊಂಡೀನಿ. ಹೆಸರು ಯಾರ್ದೂ ಹಾಕಿಲ್ಲ, ತಾಲೂಕಷ್ಟೇ ಹಾಕೀನಿ. ಕೊನೀ ಪತ್ರಕ್ಕ ಉತ್ತರ ಉದ್ದ ಆಗ್ಯದ, ಆಗಲಿ.

ಪ್ರಶ್ನೆ: ನಮಸ್ಕಾರ ಮೇಡಂ. ನಂದೂ ಓ ಪಾಸಿಟಿವ್, ನಮ್ಮ ಮನಿಯವ್ರದೂ ಓ ಪಾಸಿಟಿವ್. ಮಗನ ಸಾಲ್ಯಾಗ ಕ್ಯಾಂಪ್ ಮಾಡಿ ಬಿ ಪಾಸಿಟಿವ್ ಅಂತ ಕಾರ್ಡ್ ಕೊಟ್ಟಾರ. ಅವತ್ತಿಂದ ನಮ್ಮತ್ತಿ ನನ್ನ ಜೊತಿ ಮಾತು ಬಿಟ್ಟಾರ. ಡಿಎನ್‌ಎ ಟೆಸ್ಟ್ ಮಾಡ್ಸಿ ತೋರಿಸ್ಲೇನ್ರಿ?
(ಒಬ್ಬ ತಾಯಿ, ಸೇಡಂ)

ಉತ್ತರ: ತಂಗೀ, ಮೊದಲು ಆ ಕಾರ್ಡು ಪಕ್ಕಕ್ಕಿಡು. ಕ್ಯಾಂಪಿನಾಗ ಒಂದೇ ತಾಸಿನಾಗ ನೂರಾರು ಹುಡುಗರದ್ದು ಗಾಜಿನ ಸ್ಲೈಡ್ ಮ್ಯಾಲ ಹನಿ ಹಾಕಿ ನೋಡ್ತಿರ್ತಾರ, ಒಂದು ಹೆಸರು ಅದಲಿಬದಲಿ ಆದ್ರ ಸಾಕು, ಒಂದು ಸಂಸಾರ ಕೆಡ್ತದ. ನೀ, ನಿನ್ನ ಗಂಡ, ಮಗ ಮೂರೂ ಮಂದಿ ಬ್ಲಡ್ ಬ್ಯಾಂಕ್ ಇರೋ ದವಾಖಾನಿಗೆ ಹೋಗಿ ಟ್ಯೂಬಿನಾಗ ಮಾಡೋ ಗ್ರೂಪಿಂಗ್ ಹೊಸದಾಗಿ ಮಾಡ್ಸ್ರಿ. ಅಲ್ಲಿ ರಕ್ತಕಣನೂ ನೋಡ್ತಾರ, ಸೀರಮ್ಮೂ ನೋಡ್ತಾರ, ಎರಡೂ ಒಂದೇ ಹೇಳಬೇಕು.

ಅಲ್ಲಿನೂ ಹಿಂಗೇ ಬಂತು ಅಂದ್ರ? ಇಬ್ಬರೂ ಓ ಇದ್ದ್ರ ಮಗು ಬಿ ಆಗೂದಿಲ್ಲ ಅಂತ ಪುಸ್ತಕದಾಗ ಇರ್ತದ, ಸಾಮಾನ್ಯವಾಗಿ ಅದು ಖರೇನ. ಆದ್ರ ಅದಕ್ಕೊಂದು ಹೊರತು ಅದ, ಅದೂ ನಮ್ಮ ಕಡೀದೇ. 1952ರಾಗ ಮುಂಬೈದಾಗ ಡಾ. ಭೆಂಡೆ ಮತ್ತ ಅವ್ರ ಜೊತಿಯವ್ರು ಒಂದು ಅಪರೂಪದ ರಕ್ತ ಗುರುತಿಸಿದ್ರು, ಅದಕ್ಕ ಬಾಂಬೆ ಬ್ಲಡ್ ಗ್ರೂಪ್ ಅಂತಾನೇ ಹೆಸರು ಬಂತು. ಎ, ಬಿ ಇವೆರಡೂ ಎಚ್ ಅನ್ನೋ ಒಂದು ಬುನಾದಿ ಮ್ಯಾಲ ಕಟ್ಟೋ ಗೋಡಿ ಇದ್ದಂಗ. ಬಾಂಬೆ ಗ್ರೂಪಿನವ್ರಿಗೆ ಆ ಬುನಾದೀನೇ ಇರೂದಿಲ್ಲ, ಹಂಗಾಗಿ ಅವ್ರ ಒಳಗ ಬಿ ಜೀನ್ ಇದ್ದ್ರೂ ಮಾಮೂಲಿ ಟೆಸ್ಟಿನಾಗ ಓ ಅಂತಾನೇ ಕಾಣ್ತದ. ಮಗುಗ ಇನ್ನೊಬ್ಬರ ಕಡಿಂದ ಬುನಾದಿ ಸಿಕ್ಕರ ಸಾಕು, ಮುಚ್ಚಿಕೊಂಡಿದ್ದ ಬಿ ಹೊರಗ ಬರ್ತದ. ಆ ಎಚ್ ಅದನೋ ಇಲ್ಲೋ ತೋರ್ಸೋ ಆಂಟಿ-ಎಚ್ ಹಾಕಿ ನೋಡ್ರಿ ಅಂತ ಬ್ಲಡ್ ಬ್ಯಾಂಕಿನಾಗ ಬಾಯಿಬಿಟ್ಟು ಕೇಳು, ದೊಡ್ಡ ಟೆಸ್ಟ್ ಅಲ್ಲ ಅದು. ಇದು ಅತ್ತಿ ಸಲುವಾಗಿ ಅಲ್ಲ, ನಿಮ್ಮಿಬ್ಬರಾಗ ಯಾರಾದ್ರೂ ಬಾಂಬೆ ಇದ್ದ್ರ ಅವ್ರಿಗೆ ಮಾಮೂಲಿ ಓ ರಕ್ತ ಏರಿಸಿದ್ರೂ ಜೀವಕ್ಕ ಅಪಾಯ, ಬಾಂಬೆ ರಕ್ತನೇ ಬೇಕು, ಹಂಗಾಗಿ ಈಗ ಗೊತ್ತಾದ್ರ ಮುಂದ ಎಂದಾದ್ರೂ ಜೀವ ಉಳಿಸ್ತದ.

ಇಷ್ಟೆಲ್ಲಾ ಆದ ಮ್ಯಾಲೂ ಮನಸ್ಸಿಗೆ ಬೇಕನಿಸಿದ್ರ ಡಿಎನ್‌ಎ. ಅದು ನಿನ್ನ ಇಚ್ಛಾ, ಅತ್ತಿ ಹುಕುಂ ಅಲ್ಲ.

ಪ್ರಶ್ನೆ: ಹೆಂಡ್ತಿಗೆ ಗೊತ್ತಾಗದಂಗ ಮಗುವಿನ ಕೂದಲು ಕಳಿಸಿ ಆನ್‌ಲೈನ್‌ನಾಗ ಟೆಸ್ಟ್ ಮಾಡ್ಸಿದ್ರ ಕೋರ್ಟಿನಾಗ ನಡೀತದೇನ್ರಿ?
(ಜೇವರ್ಗಿ)

ಉತ್ತರ: ನಡಿಯೂದಿಲ್ಲ ಅಂತಾನೇ ತಿಳ್ಕೊಳ್ರಿ. ಆ ಕೂದಲು ಯಾರ್ದು, ಯಾರು ತಗೊಂಡ್ರು, ಲಕೋಟಿ ಯಾರ ಮುಂದ ಸೀಲ್ ಆಯ್ತು ಅನ್ನೋದಕ್ಕ ಸಾಕ್ಷಿ ಇಲ್ಲ. ಬುಡ ಇಲ್ದ ಕತ್ತರಿಸಿದ ಕೂದಲಿನಾಗ ಈ ಟೆಸ್ಟಿಗೆ ಬೇಕಾದ ಡಿಎನ್‌ಎ ಸಿಗೂದೂ ಕಷ್ಟ. ಅದಕ್ಕಿಂತ ಮೊದಲು ಒಂದು ಮಾತು ಕೇಳ್ತೀನಿ, ರಿಪೋರ್ಟ್ ಏನೇ ಬರಲಿ ಮರುದಿನ ಮುಂಜಾನೆ ಆ ಕೂಸು ನಿಮ್ಮನ್ನ ಅಪ್ಪಾ ಅಂತ ಕರಿಯೋವಾಗ ಏನ್ ಮಾಡ್ತೀರಿ? ಅದಕ್ಕ ಉತ್ತರ ಸಿಕ್ಕ ಮ್ಯಾಲ ಲ್ಯಾಬಿನ ಮಾತು.

ಪ್ರಶ್ನೆ: ಅಪ್ಪಾರು ತೀರ್ಕೊಂಡು 3 ವರ್ಷ ಆಯ್ತು. ಈಗ ಸೊಲ್ಲಾಪುರ ಕಡಿಂದ ಒಬ್ಬ ಬಂದು, ನಾನೂ ಅವ್ರ ಮಗ, ನಮ್ಮವ್ವನ್ನ ಅವ್ರು ಎರಡನೇದು ಮದುವಿ ಆಗಿದ್ರು, ಹೊಲದಾಗ ಪಾಲು ಬೇಕು ಅಂತ ಕೇಸ್ ಹಾಕ್ಯಾನ. ನಾವು ಲಿಂಗಾಯತ್ರು, ಅಪ್ಪಾರ ಸಮಾಧಿ ನಮ್ಮ ಹೊಲದ ಬದುವಿನ ಬಲ್ಲಿನೇ ಅದ. ಸಮಾಧಿ ತೆಗಿಸ್ತಾರೇನು ಅಂತ ಅವ್ವ ರಾತ್ರಿ ನಿದ್ದಿ ಮಾಡವಲ್ಲಳು. ನಮ್ಮ ರಕ್ತ ಕೊಡ್ರಿ ಅಂತ ಕೋರ್ಟ್ ಹೇಳಬಹುದೇನು?
(ಅಫಜಲಪುರ)

ಉತ್ತರ: ಅವ್ವಗ ಮೊದಲು ಇದನ್ನ ಓದಿ ಹೇಳ್ರಿ ಅಣ್ಣಾರ: ಯಾರೂ ಬಂದು ತಮ್ಮ ಇಚ್ಛಾ ಬಂದಂಗ ಸಮಾಧಿ ಮುಟ್ಟಂಗಿಲ್ಲ. ಅದಕ್ಕ ಕೋರ್ಟಿನ ಆದೇಶ ಬೇಕು, ಅಲ್ಲಿತನಕ ಹೋಗೂಕಿಂತ ಮೊದಲು ಬ್ಯಾರೆ ದಾರಿ ಭಾಳ ಅದಾವ.

ನೀವಿಬ್ಬರೂ ಗಂಡಸರು, ಹಂಗಾಗಿ ವೈ ಕ್ರೋಮೋಸೋಮ್ ನೋಡಬಹುದು. ಅದು ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಹೆಚ್ಚುಕಮ್ಮಿ ಬದಲಾಗ್ದಂಗ ಇಳಿತದ, ಮನಿ ಅಡ್ಡಹೆಸರು ಇಳಿದಂಗ. ನಿಮ್ಮಿಬ್ಬರ ವೈ ಭಾಳ ಕಡಿ ಬ್ಯಾರೆ ಬಂತು ಅಂದ್ರ ಇಬ್ಬರಿಗೂ ಒಬ್ಬನೇ ಅಪ್ಪ ಅಲ್ಲ, ಮಾತು ಅಲ್ಲಿಗೆ ಮುಗೀತು. ಆದ್ರ ಒಂದೇ ಬಂತು ಅಂದ್ರ ಕೇಸ್ ಗೆದ್ದಾಂತ ಅವ್ನೂ ತಿಳ್ಕೋಬಾರ್ದು, ಸೋತೆವಂತ ನೀವೂ ತಿಳ್ಕೋಬಾರ್ದು, ಯಾಕಂದ್ರ ನಿಮ್ಮ ಕಾಕಾಂದೂ ಅದೇ ವೈ, ದೊಡ್ಡಪ್ಪನ ಮಕ್ಕಳದ್ದೂ ಅದೇ ವೈ. ಒಂದೇ ಮನೆತನ ಅಂತ ಅದು ಹೇಳ್ತದ, ಒಬ್ಬನೇ ಅಪ್ಪ ಅಂತ ಹೇಳೂದಿಲ್ಲ. ಇಂಥ ರಿಪೋರ್ಟ್ ಹಿಡ್ಕೊಂಡು ಜಗಳ ಮಾಡೋರಿಗೆ ನಾ ಹೇಳೂದು ಇಷ್ಟೇ, ಟೆಸ್ಟ್ ಯಾವ್ದು ಅಂತ ಮೊದಲು ನೋಡ್ರಿ, ಆಮ್ಯಾಲ ಉತ್ತರ ಓದ್ರಿ.

ಅಪ್ಪ ಒಬ್ಬ, ಅವ್ವ ಬ್ಯಾರೆ ಇರೋ ಅಣ್ಣತಮ್ಮಂದಿರು ಉಳದ ಡಿಎನ್‌ಎದಾಗ ಸರಾಸರಿ ಕಾಲುಭಾಗ ಹಂಚ್ಕೊಂಡಿರ್ತಾರ. ಸರಾಸರಿ ಅಂದೆ, ಹಂಗಾಗಿ ಇಬ್ಬರದ್ದೇ ನೋಡಿದ್ರ ಒಮ್ಮೊಮ್ಮೆ ಆ ಕಡೀನೂ ಇಲ್ಲ ಈ ಕಡೀನೂ ಇಲ್ಲ ಅನ್ನಂಗ ಬರ್ತದ. ನಿಮ್ಮ ಅಜ್ಜ ಅಜ್ಜಿ ಇದ್ದ್ರ, ಅಪ್ಪಾರ ಖಾಸ ಅಣ್ಣತಮ್ಮಂದಿರು ಅಕ್ಕತಂಗ್ಯಾರು ಇದ್ದ್ರ, ಆ ಮನುಷ್ಯನ ತಾಯಿ ಇದ್ದ್ರ ಎಲ್ಲರದ್ದೂ ಸೇರ್ಸಿ ಲೆಕ್ಕ ಹಾಕಿದಾಗ ಗಟ್ಟಿ ಆಗ್ತದ. ಇನ್ನೊಂದು ದಾರಿ ಯಾರಿಗೂ ನೆನಪಾಗೂದಿಲ್ಲ: ಅಪ್ಪಾರಿಗೆ ಎಂದಾದ್ರೂ ಗಂಟು ತಗದು ಬಯಾಪ್ಸಿಗೆ ಕಳಿಸಿದ್ರೇನು? ಆ ಮಾಂಸದ ಚೂರನ್ನ ಮೇಣದ ಬ್ಲಾಕಿನಾಗ ಕೂಡ್ಸಿ ಇಟ್ಟಿರ್ತಾರ, ಅದರಾಗ ಅಪ್ಪಾರ ಡಿಎನ್‌ಎ ಸಿಗಬಹುದು.

ಇನ್ನೊಂದು ಮಾತು ನಮ್ಮ ಕಡಿ ಮಂದಿಗೇ ಬರಿತೀನಿ. ನಮ್ಮಲ್ಲಿ ಸೋದರಮಾವಗ, ಅತ್ತಿ ಮಗಗ ಹೆಣ್ಣು ಕೊಡೋದು ಮೊದಲಿಂದ ಅದ. ಗಂಡ ಹೆಂಡ್ತಿ ಮೊದಲೇ ರಕ್ತಸಂಬಂಧಿ ಇದ್ದ್ರ ಅವ್ರ ಮಕ್ಕಳು ಬಂಧುಬಳಗದ ಜೊತಿ ಹಂಚ್ಕೊಳ್ಳೋದು ಜಾಸ್ತಿ ಇರ್ತದ, ಲೆಕ್ಕ ತಪ್ಪಬಹುದು. ಲ್ಯಾಬಿನ ಫಾರ್ಮಿನಾಗ ಇದನ್ನ ನಾಚ್ಕೋದೆ ಬರಸ್ರಿ.

ಈಗ ಕೋರ್ಟಿನ ಮಾತು. 1993ರ ಗೌತಮ್ ಕುಂಡು ಕೇಸಿನಿಂದನೇ ಸುಪ್ರೀಂ ಕೋರ್ಟ್ ಹೇಳ್ಕೊಂತ ಬಂದದ, ಕೇಳಿದ ತಕ್ಷಣ ರಕ್ತ ಕೊಡ್ರಿ ಅಂತ ಆದೇಶ ಮಾಡೂದಲ್ಲ ಅಂತ. 2021ರಾಗ ಅಶೋಕ್ ಕುಮಾರ್ ಮತ್ತ ರಾಜ್ ಗುಪ್ತಾ ಅವ್ರ ಆಸ್ತಿ ಕೇಸಿನಾಗೂ ಅದೇ ಬಂತು: ಬ್ಯಾರೆ ಸಾಕ್ಷಿ ಇದ್ದಾಗ, ಒಪ್ಪದ ಮನುಷ್ಯನಿಗೆ ಡಿಎನ್‌ಎ ಕೊಡು ಅಂತ ಜುಲುಮಿ ಮಾಡೂದು ಅವ್ನ ಖಾಸಗಿತನಕ್ಕ ಕೈ ಹಾಕಿದಂಗ. ಹಂಗಂತ ಎಲ್ಲಾದಕ್ಕೂ ಒಲ್ಲೆ ಅಂದ್ರೂ ನಡಿಯೂದಿಲ್ಲ, ಕೋರ್ಟ್ ಆದೇಶ ಮಾಡಿದ ಮ್ಯಾಲೂ ಕೊಡೂದಿಲ್ಲಾಂದ್ರ ಅದನ್ನ ನಿಮ್ಮ ವಿರುದ್ಧ ತಿಳ್ಕೊಳ್ಳೋ ಅಧಿಕಾರ ಕೋರ್ಟಿಗೆ ಅದ.

ಮತ್ತ 2023ರ ಸೆಪ್ಟೆಂಬರ್ 1ಕ್ಕ ಬಂದ ತೀರ್ಪು ನೀವು ಓದಲೇಬೇಕು, ರೇವಣಸಿದ್ದಪ್ಪ ಮತ್ತ ಮಲ್ಲಿಕಾರ್ಜುನ ಅವ್ರ ಕೇಸು, ನಮ್ಮ ಕರ್ನಾಟಕದಿಂದನೇ ಹೋದದ್ದು. ಕಾನೂನು ಪ್ರಕಾರ ಊರ್ಜಿತ ಆಗದ ಮದುವ್ಯಾಗ ಹುಟ್ಟಿದ ಮಕ್ಕಳಿಗೂ, ಕೂಡುಕುಟುಂಬದ ಆಸ್ತಿಯೊಳಗ ಅಪ್ಪನ ಪಾಲಿಗೆ ಬರೋದ್ರಾಗ ಹಕ್ಕದ ಅಂತ ಅದ್ರಾಗ ಹೇಳ್ಯಾರ. ಅಂದ್ರ ಪೂರಾ ಹೊಲ ಅಲ್ಲ, ಅಪ್ಪಾರ ಪಾಲಷ್ಟೇ. ಆ ಮನುಷ್ಯ ಖರೇನೇ ಅಪ್ಪಾರ ಮಗ ಇದ್ದ್ರ ಅವ್ನ ಹುಟ್ಟಿನಾಗ ಅವ್ನ ತಪ್ಪೇನೂ ಇಲ್ಲ. ನಿಮ್ಮ ವಕೀಲರನ್ನ, ಅವ್ನ ವಕೀಲರನ್ನ ಕುಂದ್ರಿಸಿ ಒಮ್ಮೆ ಮಾತಾಡ್ರಿ, ವಾಟ್ನಿ ಮಾತು ಮನ್ಯಾಗ ಮುಗಿದ್ರ ಸಮಾಧಿ ತನಕ ಹೋಗೋದೇ ಬೇಕಾಗಂಗಿಲ್ಲ.

ಪ್ರಶ್ನೆ: ಡಿಎನ್‌ಎ ಫಿಂಗರ್‌ಪ್ರಿಂಟ್ ಅಂದ್ರ ಬೆರಳಚ್ಚೇನ್ರಿ? ಅವಳಿ ಮಕ್ಕಳದ್ದು ಬ್ಯಾರೆ ಬರ್ತದಾ? ಇದನ್ನ ನಮ್ಮ ದೇಶದಾಗ ಯಾರು ಶುರು ಮಾಡಿದ್ರು?
(ಪಿಯುಸಿ ವಿದ್ಯಾರ್ಥಿ, ಬೀದರ್)

ಉತ್ತರ: ಬೆರಳಿಗೂ ಅದಕ್ಕೂ ಸಂಬಂಧ ಇಲ್ಲ ತಮ್ಮಾ, ಹೆಸರಷ್ಟೇ. ನಮ್ಮ ಡಿಎನ್‌ಎದಾಗ ಸುಮಾರು 300 ಕೋಟಿ ಅಕ್ಷರ ಅದಾವ ಅಂತ ತಿಳ್ಕೋ, ಮನುಷ್ಯ ಮನುಷ್ಯರ ನಡುವ ಅದು ಹೆಚ್ಚುಕಮ್ಮಿ ಪೂರಾ ಒಂದೇ. ಆದ್ರ ಕೆಲವು ಜಾಗದಾಗ ಒಂದೇ ಚೂರು ತಿರುಗಿ ತಿರುಗಿ ಬರ್ತದ, ಭಜನಿ ಪದದಾಗ ಪಲ್ಲವಿ ಬಂದಂಗ. ಒಬ್ಬರಿಗೆ 12 ಸಲ, ಇನ್ನೊಬ್ಬರಿಗೆ 15 ಸಲ. ಇವಕ್ಕ ಎಸ್‌ಟಿಆರ್ ಅಂತಾರ. ಇಂಥಾವು 20ಕ್ಕೂ ಹೆಚ್ಚು ಜಾಗ ಎಣಿಸಿದ್ರ ಸಂಬಂಧ ಇಲ್ದ ಇಬ್ಬರಿಗೆ ಎಲ್ಲಾ ಕಡಿ ಒಂದೇ ಸಂಖ್ಯೆ ಬರೂದು ಆಗದ ಮಾತು. ಒಂದೇ ತತ್ತಿಯಿಂದ ಆದ ಅವಳಿಗಳದ್ದು ಮಾತ್ರ ಒಂದೇ ಬರ್ತದ, ಅವ್ರನ್ನ ಬ್ಯಾರೆ ಮಾಡೂಕ ಖರೇ ಬೆರಳಚ್ಚೇ ಬೇಕು.

1984ರ ಸೆಪ್ಟೆಂಬರ್ 10ಕ್ಕ ಇಂಗ್ಲೆಂಡಿನ ಲೆಸ್ಟರ್‌ನಾಗ ಅಲೆಕ್ ಜೆಫ್ರೀಸ್ ಅನ್ನೋ ವಿಜ್ಞಾನಿ ಇದನ್ನ ಕಂಡ್ರು. ನಮ್ಮ ದೇಶದಾಗ ಲಾಲ್‌ಜಿ ಸಿಂಗ್, ನಿಮ್ಮೂರಿಂದ ಬಸ್ ಹತ್ತಿದ್ರ ಮೂರ್ನಾಕು ತಾಸಿನಾಗ ಮುಟ್ಟೋ ಹೈದರಾಬಾದಿನ ಸಿಸಿಎಂಬಿ ಅನ್ನೋ ಜೀವವಿಜ್ಞಾನ ಸಂಶೋಧನಾ ಸಂಸ್ಥೆದಾಗ. ಅವ್ರು ಹಾವಿನಾಗ ಗಂಡು ಹೆಣ್ಣು ಹೆಂಗ ಆಗ್ತಾವ ಅಂತ ಓದ್ಲಿಕತ್ತಿದ್ರು, ಹಳದಿ ಕಪ್ಪು ಪಟ್ಟಿ ಇರೋ ಕಟ್ಟುಹಾವಿನ ಡಿಎನ್‌ಎದಾಗ ಸಿಕ್ಕ ಒಂದು ಚೂರೇ ಮುಂದ ಮನುಷ್ಯರನ್ನ ಗುರುತು ಹಿಡಿಯೂಕ ಕೆಲಸಕ್ಕ ಬಂತು. ಕೇರಳದ ತಲಶ್ಶೇರಿ ಕೋರ್ಟಿನಾಗ ಒಂದು ಕೂಸಿಗೆ ಅಪ್ಪ ಯಾರು ಅನ್ನೋ ಕೇಸಿನಾಗ ಸಾಕ್ಷಿ ಹೇಳಿದವ್ರೂ ಅವ್ರೇ. ರಾಜೀವ್ ಗಾಂಧಿ ಹತ್ಯೆ ತನಿಖೆದಾಗೂ ಅವ್ರ ಲ್ಯಾಬಿನ ಕೆಲಸ ಅದ. ಹಾವು ಓದಿ ಏನ್ ಉಪಯೋಗ ಅಂತ ಮನ್ಯಾಗ ಯಾರಾದ್ರೂ ಕೇಳಿದ್ರ ಇದನ್ನ ಹೇಳು.

ಪ್ರಶ್ನೆ: ಅಕ್ಕಾರ, ನಮ್ಮಣ್ಣ 5 ವರ್ಷದ ಹಿಂದ ಪುಣೆಕ್ಕ ಕಟ್ಟಡ ಕೆಲಸಕ್ಕ ಹೋದಾವ. ಎರಡು ವರ್ಷ ಫೋನ್ ಬರ್ತಿತ್ತು, ಆಮ್ಯಾಲ ನಿಂತುಹೋಯ್ತು. ಕಂಪ್ಲೇಂಟ್ ಕೊಟ್ಟಿದ್ದೆವು. ಹೋದ ತಿಂಗಳು ಆ ಕಡಿ ಪೊಲೀಸ್ರು ಫೋನ್ ಮಾಡಿ, ಎಲುಬು ಸಿಕ್ಕಾವ, ಕೈಯಾಗ ಬೆಳ್ಳಿ ಕಡಗ ಅದ, ನಿಮ್ಮ ಕಂಪ್ಲೇಂಟಿನಾಗ ಬರಸಿದ್ದಂಗೇ ಅದ, ತಾಯಿ ರಕ್ತ ಬೇಕು ಅಂದ್ರು. ಅಪ್ಪ ಇಲ್ಲ. ಅವ್ವಗ 68, ಶುಗರ್ ಅದ. ನನ್ನ ರಕ್ತ ಕೊಟ್ರ ಆಗಲ್ಲೇನು? ವೈನಿ ಅದಾರ, ಅಣ್ಣನ ಮಗಳು 8 ವರ್ಷದಾಕಿ. ಅಣ್ಣನ ಅಂಗಿ, ಟೊಪ್ಪಿಗಿ ಅವ್ವ ಟ್ರಂಕಿನಾಗ ಇಟ್ಟಾಳ, ಅದನ್ನ ಕೊಡಬಹುದಾ? ಕಡಗ ಹೊಂದ್ಯದಲ್ಲ, ಇನ್ನೇನು ಟೆಸ್ಟು, ಕ್ರಿಯಾಕರ್ಮ ಮಾಡಿ ಮುಗಿಸ್ರಿ ಅಂತ ಊರವ್ರು ಅಂತಾರ.
(ಒಬ್ಬ ತಂಗಿ, ಚಿತ್ತಾಪುರ ತಾಲೂಕು)

ಉತ್ತರ: ತಂಗೀ, ಊರವ್ರ ಮಾತು ಕೇಳಬ್ಯಾಡ. ಅಂಥ ಕಡಗ ಒಂದೇ ಬಜಾರದಾಗ ಒಂದೇ ಅಕ್ಕಸಾಲಿ ಕೈಯಾಗ ಎಷ್ಟು ಆಗಿರ್ತಾವ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಎಷ್ಟು ಹೋಗಿರ್ತಾವ. ಕಡಗ ನೋಡಿ ಯಾರದೋ ಮಗನ್ನ ನಿಮ್ಮ ಮಗಾಂತ ಮಣ್ಣಿಗೆ ಹಾಕಿದ್ರ, ಅವ್ನ ಹೆತ್ತಾಕಿ ಇನ್ನೊಂದು ಊರಾಗ ಬಾಗಿಲ ಕಾಯ್ಕೊಂತ ಕುಂತಿರ್ತಾಳ.

ಯಾರ ರಕ್ತ ಅನ್ನೋದು ಛಲೋ ಪ್ರಶ್ನೆ. ಮ್ಯಾಲ ಬೀದರ್ ಹುಡುಗಗ ಹೇಳಿದ ಎಸ್‌ಟಿಆರ್ ಜಾಗದಾಗ ಒಬ್ಬೊಬ್ಬರಿಗೆ ಎರಡೆರಡು ಸಂಖ್ಯೆ ಇರ್ತಾವ, ಒಂದು ಅವ್ವನಿಂದ, ಒಂದು ಅಪ್ಪನಿಂದ. ಅವ್ವಂದು ಬೇಕು ಅಂದಿದ್ದು ಯಾಕಂದ್ರ ಪ್ರತಿಯೊಂದು ಜಾಗದಾಗೂ ಅಣ್ಣನ ಎರಡು ಸಂಖ್ಯ್ಯಾಗ ಒಂದು ಅವ್ವಂದೇ ಇರಬೇಕು, ಇದು ಸರಾಸರಿ ಅಲ್ಲ, ನಿಯಮ. ನೀನೂ ಅಣ್ಣನೂ ಅರ್ಧ ಹಂಚ್ಕೊಂಡೀರಿ ಅಂತ ಹೇಳೂದು ಸರಾಸರಿ ಮಾತು, ಒಂದೊಂದು ಜಾಗದಾಗ ಇಬ್ಬರಿಗೂ ಏನೂ ಹೊಂದದೇ ಇರಬಹುದು, ಹಂಗಾಗಿ ನಿಂದೊಂದೇ ಆದ್ರ ಸಾಕ್ಷಿ ತೆಳ್ಳಗ. ಆದ್ರೂ ನೀನೂ ಕೊಡು. ಮೈಟೋಕಾಂಡ್ರಿಯಾದ ಡಿಎನ್‌ಎ ಅಂತ ಬ್ಯಾರೆ ಒಂದದ, ಅದು ತಾಯಿ ಕಡಿಂದ ಮಾತ್ರ ಬರ್ತದ, ಒಂದೊಂದು ಕೋಶದಾಗ ನೂರಾರು ಸಾವಿರಾರು ಪ್ರತಿ ಇರ್ತಾವ, ಬಿಸಲು ಮಳಿಗೆ ಹಾಳಾದ ಎಲುಬಿನಾಗ ಉಳದ್ದೆಲ್ಲಾ ಹೋದ್ರೂ ಒಮ್ಮೊಮ್ಮೆ ಅದು ಉಳ್ಕೊಂಡಿರ್ತದ. ಅವ್ವಂದು, ನಿಂದು, ಅಣ್ಣಂದು, ನಿಮ್ಮ ಚಿಕ್ಕವ್ವಂದು ಎಲ್ಲಾ ಒಂದೇ. ಅಣ್ಣನ ಮಗಳದ್ದು ಮಾತ್ರ ಬ್ಯಾರೆ, ಆಕೀದು ವೈನೀದು.

ಹಂಗಂತ ಆ ಮಗಳನ್ನ ಬಿಡಬ್ಯಾಡ್ರಿ, ಈ ಕೆಲಸಕ್ಕ ಆಕಿ ಭಾಳ ಮುಖ್ಯ. ಒಂದು ಜಾಗ ಹೇಳಿ ತೋರಿಸ್ತೀನಿ, ಡಿ18ಎಸ್51 ಅಂತ ಅದರ ಹೆಸರು, 18ನೇ ಕ್ರೋಮೋಸೋಮಿನ ಮ್ಯಾಲ ಅದ. ಎಲುಬಿನಾಗ 14, 17 ಬಂತು ಅಂತ ಇಟ್ಕೋ. ಅವ್ವಂದು 14, 16. ಅಂದ್ರ 14 ಅವ್ವ ಕೊಟ್ಟದ್ದು ಇರಬಹುದು. ಮಗಳದ್ದು 17, 19, ವೈನೀದು 13, 19. ಮಗಳಿಗೆ 19 ವೈನಿ ಕೊಟ್ಟಾರ, ಹಂಗಾರ 17 ಅಪ್ಪನೇ ಕೊಟ್ಟಿರಬೇಕು, ಎಲುಬಿನಾಗ 17 ಅದ. ಹಿಂಗ ಅವ್ವ ಒಂದು ಕಡಿಂದ, ಮಗಳು ಒಂದು ಕಡಿಂದ ಹಿಡ್ಕೊಂತ ಬಂದ್ರ ನಡುವ ಇದ್ದಾವ ಗುರುತು ಸಿಗ್ತಾನ. ಒಂದು ಜಾಗ ಹೊಂದಿದ್ರ ಏನೂ ಅಲ್ಲ, 20 ಜಾಗನೂ ಹೊಂದಿದ್ರ ಅದು ಅವ್ನೇ. ಅದಕ್ಕ ಅವ್ವ, ಮಗಳು, ವೈನಿ, ನೀನು ನಾಲ್ಕೂ ಮಂದೀದು ತಗೋರಿ ಅಂತ ನೀವೇ ಕೇಳ್ರಿ. ಕೂಸಿಗೆ ಸೂಜಿ ಹೆದರಿಕಿ ಇದ್ದ್ರ ಗಲ್ಲದ ಒಳಗ ಹತ್ತಿಕಡ್ಡಿ ತಿಕ್ಕಿ ತಗೊಂಡ್ರೂ ನಡೀತದ.

ಅಪ್ಪ ಇಲ್ಲಂತ ಬರದಿ. ನಿನಗ ಒಂದು ಹಳೇ ಮಾತು ಹೇಳ್ತೀನಿ. ಡಿಎನ್‌ಎ ಟೆಸ್ಟ್ ಮೊದಲ ಸಲ ಕೆಲಸಕ್ಕ ಬಂದದ್ದು ಕೊಲೆ ಕೇಸಿನಾಗ ಅಲ್ಲ, 1985ರಾಗ, ಘಾನಾ ಮೂಲದ ಒಂದು ಮನಿ ಹುಡುಗ ಇಂಗ್ಲೆಂಡಿಗೆ ತಿರುಗಿ ಬಂದಾಗ ಇವ ಈಕಿ ಮಗ ಅಲ್ಲ ಅಂತ ಅಧಿಕಾರಿಗಳು ಅಂದಿದ್ರು. ಅಲ್ಲಿನೂ ಅಪ್ಪನ ಸ್ಯಾಂಪಲ್ ಇರಲಿಲ್ಲ. ಜೆಫ್ರೀಸ್ ತಾಯೀದು, ಆಕೀ ಉಳದ ಮೂರು ಮಕ್ಕಳದ್ದು ತಗೊಂಡು, ಮಕ್ಕಳಾಗ ತಾಯೀದಲ್ದೇ ಇರೋದನ್ನೆಲ್ಲಾ ಕೂಡ್ಸಿ ಅಪ್ಪಂದು ಹಿಂಗಿರಬೇಕು ಅಂತ ಕಟ್ಟಿದ್ರು, ಆ ಹುಡುಗ ತಾಯಿ ಹತ್ರನೇ ಉಳದ. ಇಲ್ಲದವ್ರನ್ನ ಇದ್ದವ್ರಿಂದ ಕಟ್ಟೋ ಕೆಲಸ ಇದು. 2010ರ ಮೇ 22ಕ್ಕ ಮಂಗಳೂರಾಗ ವಿಮಾನ ಬಿದ್ದು 158 ಮಂದಿ ಹೋದಾಗ ಗುರುತು ಸಿಗದವ್ರ ಸ್ಯಾಂಪಲ್ ಹೈದರಾಬಾದಿಗೆ ಹೋಗಿದ್ವು, 2025ರ ಜೂನ್ 12ಕ್ಕ ಅಹಮದಾಬಾದಿನಾಗ ಬಿದ್ದಾಗೂ ಮನಿಯವ್ರು ಸಾಲಿನಾಗ ನಿಂತು ರಕ್ತ ಕೊಟ್ರು.

ಅವ್ವನ ಶುಗರಿನಿಂದ ಏನೂ ಅಡಚಣಿ ಇಲ್ಲ. ಗ್ಲುಕೋಮೀಟರಿಗೆ ಚುಚ್ಚಿದಂಗ ಬೆರಳ ತುದಿ ಚುಚ್ಚಿ ದಪ್ಪನ್ನ ಬಿಳಿ ಕಾಗದದ ಕಾರ್ಡಿನ ಮ್ಯಾಲ ಹನಿ ಬೀಳಿಸ್ತಾರ, ಬಿಸಲಿಗೆ ಇಡದ ನೆಳ್ಳಾಗ ಒಣಗಿಸಿ ಕಾಗದದ ಲಕೋಟ್ಯಾಗ ಹಾಕಿ ಸೀಲ್ ಮಾಡ್ತಾರ. ಅದರ ಮ್ಯಾಲ ಅವ್ವನ ಹೆಸರು, ದಿನಾಂಕ, ತಗೊಂಡವ್ರ ಸಹಿ ನಿಮ್ಮ ಕಣ್ಣ ಮುಂದ ಬೀಳಬೇಕು. ನಾ ನೋಡಿದಂಗ ಇಂಥ ಕೆಲಸ ಕೆಡೋದು ಮಶೀನಿನಾಗ ಅಲ್ಲ, ಈ ಲಕೋಟ್ಯಾಗ. ಅವ್ವಗ ಇತ್ತೀಚಿಗೆ ರಕ್ತ ಏರಿಸಿದ್ರ ಅದನ್ನೂ ಹೇಳ್ರಿ. ಪುಣೆತನಕ ಆಕೀನ್ನ ಕರ್ಕೊಂಡು ಹೋಗೋದು ಕಷ್ಟ ಆದ್ರ, ಇಲ್ಲೇ ಸರ್ಕಾರಿ ದವಾಖಾನ್ಯಾಗ ತಗೊಂಡು ಸೀಲ್ ಮಾಡಿ ಕಳಿಸೂಕ ಆಗ್ತದೇನು ಅಂತ ಎರಡೂ ಕಡಿ ಪೊಲೀಸ್ರನ್ನ ಕೇಳ್ರಿ. ಕೇಸ್ ನಂಬರ್, ಲ್ಯಾಬಿಗೆ ಹೋದ ದಿನಾಂಕ ಒಂದು ವಹಿಯಾಗ ಬರದಿಟ್ಕೋ, ತಿಂಗಳು ತಿಂಗಳು ಕೇಳೂಕ ಬೇಕಾಗ್ತದ.

ಆ ಕಡಿ ತೊಡಿ ಎಲುಬು ಇಲ್ಲಾ ದವಡಿ ಹಲ್ಲು ತಗೋತಾರ, ಗಟ್ಟಿ ಇರೋದ್ರಾಗ ಡಿಎನ್‌ಎ ಭಾಳ ದಿನ ತಡಿತದ. ಮ್ಯಾಲಿನ ಹೊಲಸು ಕೆತ್ತಿ ತಗದು, ಬಿಸಿ ಆಗದಂಗ ಭಾಳ ತಂಪಿನಾಗ ಪುಡಿ ಮಾಡಿ, ಸುಣ್ಣದಂಶ ಕರಗಿಸಿ, ಆಮ್ಯಾಲ ಡಿಎನ್‌ಎ ಹೊರಗ ತಗದು ಪಿಸಿಆರ್‌ನಾಗ ಪ್ರತಿ ಮಾಡ್ತಾರ. ತಾಜಾ ರಕ್ತದಂಗ ಒಂದೆರಡು ದಿನದ ಕೆಲಸ ಅಲ್ಲ, ಒಮ್ಮೆ ಸಿಗಲಿಲ್ಲಂದ್ರ ಇನ್ನೊಂದು ಎಲುಬು ತಗೊಂಡು ಮತ್ತ ಮೊದಲಿಂದ. ತಡ ಆಯ್ತಂದ್ರ ಯಾರೋ ಮುಚ್ಚಿಟ್ಟಾರ ಅಂತಾನೇ ತಿಳ್ಕೋಬ್ಯಾಡ.

ಟ್ರಂಕಿನ ಮಾತು. ಟೊಪ್ಪಿಗಿ ಒಳಪಟ್ಟಿಗೆ ಬೆವರು, ಚರ್ಮದ ಕಣ ಹತ್ತಿರ್ತಾವ, ಅಣ್ಣನ ಹಳೇ ಹಲ್ಲುಜ್ಜೋ ಬ್ರಷ್, ದಾಡಿ ರೇಜರ್ ಇದ್ದ್ರ ಇನ್ನೂ ಛಲೋ, ಅವು ಸಿಕ್ಕರ ನೇರ ಅವ್ನದ್ದೇ ಅವ್ನ ಜೊತಿ ಹೊಂದಿಸಬಹುದು. ಆದ್ರ ಅವ್ವ ಆ ಅಂಗೀನ್ನ ಎಷ್ಟು ಸಲ ತಗದು ಮುಖಕ್ಕ ಹಚ್ಚ್ಕೊಂಡಿರ್ತಾಳ, ಆಕೀದೂ ಅದ್ರಾಗ ಕೂಡಿರ್ತದ. ಹಂಗಾಗಿ ರಕ್ತ ಮೊದಲು, ಟ್ರಂಕು ಹಿಂದ. ಒಗಿಬ್ಯಾಡ್ರಿ, ಪ್ಲಾಸ್ಟಿಕ್ ಚೀಲದಾಗ ಹಾಕಬ್ಯಾಡ್ರಿ, ಒಳಗ ಬೆವತು ಬೂಸ್ಟು ಹಿಡಿತದ.

ಹೊಂದಲಿಲ್ಲಂದ್ರ ಆ ಎಲುಬು ನಿಮ್ಮಣ್ಣಂದಲ್ಲ ಅಂತಷ್ಟೇ, ಕಂಪ್ಲೇಂಟ್ ಹಂಗೇ ಇರ್ತದ, ನಿಮ್ಮ ಸಂಖ್ಯೆಗಳನ್ನ ಇಟ್ಕೊಂಡು ಮುಂದ ಹುಡುಕ್ರಿ ಅಂತ ಕೇಳಬಹುದು. ಹೊಂದಿತಂದ್ರ ಆ ರಿಪೋರ್ಟಿನ ಪ್ರತಿ ಕೇಳಿ ಇಟ್ಕೋರಿ, ಮರಣ ಪತ್ರ, ವೈನಿ ವಿಧವಾ ಪಿಂಚಣಿ, ಮಗಳ ಹೆಸರಿಗೆ ಪಹಣಿ ಎಲ್ಲಾದಕ್ಕೂ ಬೇಕಾಗ್ತದ.

ಮತ್ತ ಅವ್ವಗ ಶುಗರ್ ನೋಡ್ತಾರ ಅಂತ ಸುಳ್ಳು ಹೇಳಿ ದವಾಖಾನಿಗೆ ಕರ್ಕೊಂಡು ಹೋಗಬ್ಯಾಡ. ಒಪ್ಪಿಗೆ ಫಾರ್ಮಿನ ಮ್ಯಾಲ ಆಕಿ ಹೆಬ್ಬೆಟ್ಟು ಒತ್ತಬೇಕು, ಅದರಾಗ ಏನು ಬರದದ ಅಂತ ಪೂರಾ ಓದಿ ಹೇಳು, ಅಳ್ತಾಳ, ಅಳಲಿ, ಜೋಡಿಗೆ ಕುಂದ್ರು. ರಿಪೋರ್ಟ್ ಬರೋತನಕ ಟ್ರಂಕಿನ ಕೀಲಿ ಮಾತ್ರ ಆಕಿ ಹತ್ರನೇ ಇರಲಿ.